ಗಾಳೆಮ್ಮನ ಔಷಧದ ಮಾಡ

ಗಾಳೆಮ್ಮನ ಮನೆಯ ಒಳಗೋಡೆಯಲ್ಲಿ ಎರಡು ಮಾಡಗಳಿದ್ದವು. ಮಾಡವೆಂದರೆ ಮಣ್ಣಿನ ಗೋಡೆ ಕಟ್ಟುವಾಗಲೇ ಬಿಟ್ಟ ಗೂಡು. ಒಂದರಲ್ಲಿ ಹುಲಿಗೆಮ್ಮನ ಪಟ, ಇನ್ನೊಂದರಲ್ಲಿ ಅರ್ಧ, ಕಾಲು, ತಳಮಟ್ಟ ಉಳಿದ ಔಷಧದ ಬಾಟಲಿಗಳು. ಬಂದ ಹೆಂಗಸರು ಎರಡು ಮಾಡಕ್ಕೂ ಸೇರಿಸಿಯೇ ಕೈ ಮುಗಿಯುತ್ತಾರೆ ಎಂದು ಪಕ್ಕದ ಮನೆಯ ಕಾಸೀಮಬೀ ತಮಾಷೆ ಮಾಡುತ್ತಿದ್ದಳು. ತಮಾಷೆ ಎಂದುಕೊಂಡರೂ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇರಕಲ್ಲಗಡದಿಂದ ಮೂರು ಮೈಲಿ ಆಚೆಗಿನ ಆ ಸಣ್ಣ ಊರಿನಲ್ಲಿ ಹದಿನಾಲ್ಕು ವರ್ಷಗಳ ಕಾಲ ಕೂಸು ಕೆಮ್ಮಿದರೆ ತಾಯಂದಿರ ಕಾಲು ಮೊದಲು ತಿರುಗುತ್ತಿದ್ದದ್ದು ಗಾಳೆಮ್ಮನ ಮನೆಯ ಕಡೆಗೇ.

ಆಕೆ ನರ್ಸಮ್ಮ ಅಲ್ಲ, ಸೂಲಗಿತ್ತಿಯೂ ಅಲ್ಲ. ಓದು ಬರಹ ಬಾರದು. ಇರಕಲ್ಲಗಡದಲ್ಲಿ ದೇವೇಂದ್ರಪ್ಪ ಎಂಬ ಡಾಕ್ಟರರು ಎಪ್ಪತ್ತೊಂದನೇ ಇಸವಿಯಲ್ಲಿ ಒಂದು ದವಾಖಾನೆ ತೆರೆದಾಗ ಕಸ ಗುಡಿಸಲು, ನೀರು ತುಂಬಲು, ಸೂಜಿ ಕುದಿಸಲು ಒಬ್ಬ ಹೆಣ್ಣುಮಗಳು ಬೇಕಾಗಿದ್ದಳು. ಗಾಳೆಮ್ಮ ಹೋಗಿ ಬಾಗಿಲಲ್ಲಿ ನಿಂತಳು. ಗಂಡ ವಿರುಪಣ್ಣ ವರ್ಷದ ಅರ್ಧ ಗಂಗಾವತಿ ಕಡೆ ಭತ್ತದ ಗದ್ದೆಗಳಲ್ಲಿ ದುಡಿಯಲು ಹೋಗುವವನು. ಹೋದಲ್ಲೇ ಒಂದು ಬೇಸಿಗೆ ತೀರಿಕೊಂಡ. ಆದರೆ ಹೊಟ್ಟೆಪಾಡು ಒಂದೇ ಆಕೆಯನ್ನು ದವಾಖಾನೆಯ ಬಾಗಿಲಿಗೆ ತಂದದ್ದಲ್ಲ.

ಅದಕ್ಕೆ ಮೂರು ವರ್ಷ ಮೊದಲು, ಮಗಳ ಬೆನ್ನಿಗೆ ಹುಟ್ಟಿದ್ದ ಆಕೆಯ ಗಂಡುಮಗು ಹೋಗಿತ್ತು. ಒಂದೂವರೆ ವರ್ಷದ್ದು. ಕೆಮ್ಮು ಶುರುವಾಯಿತು, ಜ್ವರ ಬಂತು, ಆಮೇಲೆ ಉಸಿರು ಎಳೆದಾಗೆಲ್ಲ ಪಕ್ಕೆಲುಬಿನ ಕೆಳಗೆ ಹೊಟ್ಟೆ ಒಳಗೆ ಹೋಗತೊಡಗಿತು. "ಪಕ್ಕಿ ಎಳಿಯಾಕತ್ತಾವ, ಬರಿ ಹಾಕಿದ್ರ ನಿಲ್ತಾವ" ಎಂದರು ಹಿರಿಯರು. ಕಾಯಿಸಿದ ಬಳೆಯ ಚೂರಿನಿಂದ ಮಗುವಿನ ಹೊಟ್ಟೆಯ ಮೇಲೆ ಬರೆ ಎಳೆದರು. ಕಾಲು ಹಿಡಿದುಕೊಂಡು ಕೂತವಳು ಗಾಳೆಮ್ಮನೇ. ಮೂರನೇ ದಿನ ಮಗು ತೀರಿಕೊಂಡಿತು. ಆ ಕಾಲುಗಳು ಒದ್ದಾಡಿದ್ದು ಆಕೆಯ ಅಂಗೈಯಲ್ಲಿ ಉಳಿದುಬಿಟ್ಟಿತ್ತು.

ದವಾಖಾನೆಗೆ ಸೇರಿ ತಿಂಗಳಾಗಿರಲಿಲ್ಲ, ಅಂಥದೇ ಪಕ್ಕೆ ಎಳೆಯುವ ಕೂಸೊಂದನ್ನು ತಂದರು. ಗಾಳೆಮ್ಮ ಕುದಿಸಿಟ್ಟ ಸೂಜಿಯಲ್ಲೇ ಡಾಕ್ಟರರು ಪೆನ್ಸಿಲಿನ್ ಕೊಟ್ಟರು. ಮರುದಿನ ಅದೇ ಕೂಸು ಅತ್ತು ಹಾಲು ಕೇಳಿತು. ಗಾಳೆಮ್ಮ ಹಿತ್ತಲಿಗೆ ಹೋಗಿ, ನೀರಿನ ಹಂಡೆಯ ಹಿಂದೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಮೂರು ವರ್ಷ ಮೊದಲು ಈ ದವಾಖಾನೆ ಇದ್ದಿದ್ದರೆ ಎಂಬ ಸಂಕಟ ಒಂದು ಕಡೆ, ಇನ್ನು ಮೇಲಾದರೂ ಇದೆಯಲ್ಲ ಎಂಬ ಸಮಾಧಾನ ಒಂದು ಕಡೆ. ಅಂದಿನಿಂದ ಆಕೆ ಡಾಕ್ಟರರನ್ನು ಎಷ್ಟು ನಂಬಿದಳೋ ಅದಕ್ಕಿಂತ ಹೆಚ್ಚು ಔಷಧವನ್ನು ನಂಬಿದಳು.

ಡಾಕ್ಟರರು ಆಕೆಗೆ ಒಂದು ವಿದ್ಯೆಯನ್ನೂ ಕಲಿಸಿದರು. ಕೂಸಿನ ಅಂಗಿ ಎತ್ತಿ ಹೊಟ್ಟೆ ನೋಡಿ ಉಸಿರು ಎಣಿಸುವುದು. ದವಾಖಾನೆಯಲ್ಲಿ ಗೋಡೆ ಗಡಿಯಾರವಿತ್ತು, ಮನೆಯಲ್ಲಿ ಎಲ್ಲಿಂದ ಬರಬೇಕು? ಗಾಳೆಮ್ಮ ತನ್ನದೇ ಲೆಕ್ಕ ಮಾಡಿಕೊಂಡಳು. ತಾನು ನೆಮ್ಮದಿಯಾಗಿ ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಕೂಸಿನದು ಎರಡಾದರೆ ಬರೀ ನೆಗಡಿ, ಮೂರು ದಾಟಿದರೆ ಡಾಕ್ಟರು. ಈ ಲೆಕ್ಕ ತಪ್ಪಿದ್ದು ಕಡಿಮೆ. ದೇವೇಂದ್ರಪ್ಪನವರೇ ಒಮ್ಮೊಮ್ಮೆ, "ಗಾಳವ್ವ, ನಿನ್ನ ಗಡಿಯಾರ ಏನಂತೈತಿ?" ಎಂದು ಕೇಳಿ ನಗುತ್ತಿದ್ದರು.

ಇನ್ನು ಆ ಮಾಡದ ಸಂಗತಿ. ನಮ್ಮ ಕಡೆಯ ಹೆಂಗಸರು ಹಿಟ್ಟಿನ ಗಡಿಗೆಯನ್ನು ಎಂದೂ ಪೂರ್ತಿ ಬಳಿಯುವುದಿಲ್ಲ. ಎಂಥ ಹಸಿವಿರಲಿ, ತಳದಲ್ಲಿ ಒಂದು ಹಿಡಿ ಬಿಟ್ಟೇ ಬಿಡುತ್ತಾರೆ. ಬರಿದಾದ ಗಡಿಗೆ ಮನೆಗೆ ಒಳ್ಳೆಯದಲ್ಲ. ಮೊಸರಿನ ಕುಡಿಕೆಯೂ ಹಾಗೆಯೇ, ನಾಳೆಗೆ ಹೆಪ್ಪು ಬೇಕು, ತಪ್ಪಿದರೆ ಪಕ್ಕದ ಮನೆಯವರಿಗೆ ಬೇಕು. ಡಾಕ್ಟರರು ಕೊಟ್ಟ ಔಷಧದ ಬಾಟಲಿ ಈ ಕೈಗಳಿಗೆ ಬಂದಾಗ ಬೇರೆ ನಿಯಮ ಎಲ್ಲಿಂದ ಬಂದೀತು? "ಐದು ದಿನ" ಎಂದು ಡಾಕ್ಟರರು ಹೇಳಿ ಕಳಿಸುವರು. ಎರಡನೇ ದಿನ ಕೂಸು ನಕ್ಕಿತೋ, ಬಾಟಲಿಯ ಬಿರಡೆ ಬಿಗಿದು ಎತ್ತಿಡುವುದು. ಆರಾಮಾದ ಬಾಯಿಗೆ ಔಷಧ ಸುರಿಯುವುದು ಎಂದರೆ ತುಂಬಿದ ಹೊಟ್ಟೆಗೆ ರೊಟ್ಟಿ ತುರುಕಿದ ಹಾಗೆ, ಅನ್ಯಾಯ.

ಗಾಳೆಮ್ಮ ಇದನ್ನು ತಡೆಯಬಹುದಾಗಿತ್ತು. ತಡೆಯುವುದು ಹೋಗಲಿ, ಅದಕ್ಕೊಂದು ಮಾಡವನ್ನೇ ಬಿಟ್ಟುಕೊಟ್ಟಳು. "ನಿಮ್ಮಲ್ಲಿ ಉಳಿದಿದ್ದು ನನ್ನ ಹತ್ರ ಇಡ್ರಿ, ಯಾರಿಗರ ಬೇಕಾಗ್ತೈತಿ" ಎಂದಳು. ಗುಲಾಬಿ ಔಷಧ, ಬಿಳಿ ಔಷಧ, ಅರ್ಧ ಮುರಿದ ಗುಳಿಗೆಗಳು ಬಂದು ಸೇರಿದವು. ಹೆಸರು ಓದಲು ಬಾರದಿದ್ದರೂ ಬಣ್ಣ ನೋಡಿ, ಮೂಸಿ ಹೇಳುತ್ತಿದ್ದಳು. ಮಳೆಗಾಲದಲ್ಲಿ ಹಳ್ಳ ಬಂದು ದಾರಿ ಕಟ್ಟಿದಾಗ, ಕೂಲಿ ಬಿಟ್ಟು ಇರಕಲ್ಲಗಡಕ್ಕೆ ಹೋಗಲಾರದಾಗ, ತಾಯಂದಿರು ಗಿಂಡಿ ಹಿಡಿದು ಬರುವರು. ಗಾಳೆಮ್ಮ ಎರಡು ದಿನದ್ದು ಅಳೆದು ಕೊಡುವಳು. ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ. ಆ ಊರಿನಲ್ಲಿ ಮತ್ತೊಂದು ಕೂಸಿಗೆ ಬರೆ ಬೀಳಲಿಲ್ಲ. ಜನ ಆಕೆಯನ್ನು ಔಷಧದವ್ವ ಎಂದರು, ಆಕೆಗೂ ಅದು ಹಿತವಾಗಿತ್ತು, ಯಾಕೆ ಸುಳ್ಳು ಹೇಳಬೇಕು.

ಎಂಬತ್ತೈದನೇ ಇಸವಿಯ ಸಂಕ್ರಮಣ ಕಳೆದ ವಾರ ಆಕೆಯ ಮೊಮ್ಮಗನಿಗೆ ಕೆಮ್ಮು ಬಂತು. ಮಗಳು ಮಾರೆವ್ವನ ಮಗ, ಎರಡು ವರ್ಷದ ಕರಿಬಸಪ್ಪ. ಅಳಿಯ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ, ಮಗಳು ಮೊಮ್ಮಗ ಗಾಳೆಮ್ಮನ ಜೊತೆಗೇ ಇದ್ದರು. ಗಾಳೆಮ್ಮ ಉಸಿರು ಎಣಿಸಿದಳು. ಎರಡು, ಎರಡೂವರೆ. ಮಾಡದಿಂದ ಗುಲಾಬಿ ಔಷಧ ತೆಗೆದು ಎರಡು ದಿನ ಕುಡಿಸಿದಳು. ಜ್ವರ ಇಳಿಯಿತು, ನಿಲ್ಲಿಸಿದಳು. ನಾಲ್ಕು ದಿನಕ್ಕೆ ಮತ್ತೆ ಏರಿತು. ಬಿಳಿಯದು ಕುಡಿಸಿದಳು. ಅರ್ಧ ಇಳಿಯಿತು, ಮತ್ತೆ ಏರಿತು. ಹನ್ನೆರಡನೇ ದಿನ ಬೆಳಿಗ್ಗೆ ಅಂಗಿ ಎತ್ತಿದರೆ ಪಕ್ಕೆ ಎಳೆಯುತ್ತಿದ್ದವು. ತನ್ನ ಒಂದು ಉಸಿರಿಗೆ ಅವನದು ನಾಲ್ಕು. ಅಂಗೈಯಲ್ಲಿ ಹಳೆಯ ಆ ಎರಡು ಕಾಲುಗಳು ಒದ್ದಾಡಿದಂತಾಗಿ ಮಗುವನ್ನು ಎತ್ತಿಕೊಂಡು ಓಡಿದಳು.

ಡಾಕ್ಟರರು ಸೂಜಿ ಮಾಡಿದರು. ಅಂದು ಇಳಿಯಲಿಲ್ಲ, ಮರುದಿನ ಇಳಿಯಲಿಲ್ಲ, ಮೂರನೇ ದಿನವೂ ಇಳಿಯಲಿಲ್ಲ. ಹದಿನಾಲ್ಕು ವರ್ಷ ಇದೇ ಸೂಜಿ ಕೂಸುಗಳನ್ನು ಎಬ್ಬಿಸಿ ಕೂರಿಸಿದ್ದನ್ನು ನೋಡಿದ ಗಾಳೆಮ್ಮ, ಈಗ ಅದು ಬರೀ ನೀರಿನಂತೆ ಒಳಗೆ ಹೋಗುವುದನ್ನು ನೋಡುತ್ತಾ ನಿಂತಳು.

"ಮನ್ಯಾಗ ಏನರ ಕೊಟ್ಟೀಯೇನು?" ಎಂದು ಕೇಳಿದರು ಡಾಕ್ಟರರು.

ಗಾಳೆಮ್ಮ ಮುಚ್ಚಿಡಲಿಲ್ಲ. ಮಾಡದ ಕತೆ ಪೂರ್ತಿ ಹೇಳಿದಳು. ಡಾಕ್ಟರರಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಅವರಿಗೂ ವಯಸ್ಸಾಗಿತ್ತು, ಬೈಯುವ ಶಕ್ತಿಯೂ ಉಳಿದಂತಿರಲಿಲ್ಲ.

"ನಾ ಐದ ದಿನ, ಐದ ದಿನ ಅಂತ ಬಡಕೊಂಡಿದ್ದು ಯಾರಿಗಿ ಗಾಳವ್ವ, ಗ್ವಾಡಿಗೇನು? ಹೊರಗಿನವ್ರು ಬಿಡು, ನೀ ನನ್ನ ಮಗ್ಗುಲದಾಗ ನಿಂತಾಕಿ" ಎಂದರು. ಆಮೇಲೆ ಚೀಟಿ ಬರೆದರು. "ಎದ್ಯಾಗ ಕೀವು ತುಂಬೈತಿ. ಇವತ್ತ ಹುಬ್ಬಳ್ಳಿಗೆ ಹೋಗು. ನಾಳೆ ಅನಬ್ಯಾಡ."

ತಾಯಿ ಮಗಳು ಬಸ್ಸಿನಲ್ಲಿ ಕೊಪ್ಪಳಕ್ಕೆ ಬಂದು, ರೈಲು ಹಿಡಿದು ಹುಬ್ಬಳ್ಳಿ ಮುಟ್ಟಿದರು. ದೊಡ್ಡ ಆಸ್ಪತ್ರೆಯಲ್ಲಿ ಕರಿಬಸಪ್ಪನ ಪಕ್ಕೆಗೆ ಸಣ್ಣದೊಂದು ನಳಿಕೆ ಹಾಕಿ ಕೀವು ತೆಗೆದರು. ಆ ಕೀವನ್ನು ಪರೀಕ್ಷೆಗೆ ಕೊಂಡೊಯ್ದರು. ಎರಡು ದಿನ ಬಿಟ್ಟು, ಎಳೆ ವಯಸ್ಸಿನ ಡಾಕ್ಟರಮ್ಮ ಒಬ್ಬಳು ಹೊಸ ಸೂಜಿ ಬರೆದುಕೊಟ್ಟು, "ಈವರೆಗೆ ಕೊಟ್ಟಿದ್ದು ಯಾವುದೂ ಈ ರೋಗಾಣುವಿಗೆ ತಾಗುವುದಿಲ್ಲಮ್ಮ" ಎಂದಳು.

"ಅದು ನಿಮಗ ಹೆಂಗ ಗೊತ್ತಾತ್ರಿ?" ಎಂದಳು ಗಾಳೆಮ್ಮ.

ಹಳ್ಳಿಯ ಹೆಂಗಸು ಇಂಥ ಪ್ರಶ್ನೆ ಕೇಳಿದ್ದು ಆ ಹುಡುಗಿಗೆ ಸೋಜಿಗವಾಗಿರಬೇಕು. ಒಳಗೆ ಕರೆದೊಯ್ದು ತೋರಿಸಿದಳು. ಅಂಗೈಯಗಲದ ಗಾಜಿನ ತಟ್ಟೆ. ಅದರಲ್ಲಿ ಹೆಪ್ಪುಗಟ್ಟಿದ ಅಂಬಲಿಯಂಥದ್ದು, ಅದರ ಮೇಲೆ ತೆಳುವಾಗಿ ಹಬ್ಬಿದ ಹಳದಿ ಪದರು. ಅದೇ ರೋಗಾಣು, ಕರಿಬಸಪ್ಪನ ಎದೆಯೊಳಗಿನದು. ಪದರಿನ ಮೇಲೆ ಅಲ್ಲಲ್ಲಿ ಬೊಟ್ಟಿನಷ್ಟು ಬಿಳಿ ಕಾಗದದ ಬಿಲ್ಲೆಗಳು. ಒಂದೊಂದು ಬಿಲ್ಲೆಗೂ ಒಂದೊಂದು ಔಷಧ ಹಚ್ಚಿದೆ ಎಂದಳು ಡಾಕ್ಟರಮ್ಮ. ಔಷಧ ತಾಗಿದರೆ ಬಿಲ್ಲೆಯ ಸುತ್ತ ರೋಗಾಣು ಸತ್ತು ಬಯಲಾಗುತ್ತದೆ, ತಾಗದಿದ್ದರೆ ಬಿಲ್ಲೆಗೆ ಒತ್ತಿಕೊಂಡೇ ಬೆಳೆಯುತ್ತದೆ.

ಗಾಳೆಮ್ಮ ಬಗ್ಗಿ ನೋಡಿದಳು. "ಇದರಾಗ ಗುಲಾಬಿ ಔಷಧ ಯಾವ್ದ್ರಿ?"

ಡಾಕ್ಟರಮ್ಮ ಒಂದು ಬಿಲ್ಲೆ ತೋರಿಸಿದಳು. ಸುತ್ತ ಬಯಲಿರಲಿಲ್ಲ.

"ಬಿಳೇದು?"

ಅದರ ಸುತ್ತಲೂ ಇರಲಿಲ್ಲ.

"ಪೆನ್ಸಿಲಿನ್ನು?"

ಡಾಕ್ಟರಮ್ಮ ಮೂರನೆಯದರ ಮೇಲೆ ಬೆರಳಿಟ್ಟಳು. ಹಳದಿ ಪದರು ಅದನ್ನು ಹತ್ತಿ ದಾಟುವಂತಿತ್ತು. ಆರು ಬಿಲ್ಲೆಗಳಲ್ಲಿ ಎರಡರ ಸುತ್ತ ಮಾತ್ರ ಬಯಲು.

"ಅರೆಬರೆ ಔಷಧ ಕುಡಿಸಿ ಬಿಟ್ಟರೆ ಮೆತ್ತಗಿನವು ಸಾಯುತ್ತವೆ, ಗಟ್ಟಿ ಇದ್ದವು ಉಳಿಯುತ್ತವೆ. ಉಳಿದವು ಬೆಳೆಯುತ್ತವೆ, ಒಂದು ಮಗುವಿನಿಂದ ಇನ್ನೊಂದಕ್ಕೆ ಹೋಗುತ್ತವೆ" ಎಂದಳು ಡಾಕ್ಟರಮ್ಮ. ಆಕೆ ಬೈಯುತ್ತಿರಲಿಲ್ಲ, ಪಾಠ ಒಪ್ಪಿಸಿದಂತೆ ಹೇಳುತ್ತಿದ್ದಳು.

ಗಾಳೆಮ್ಮನಿಗೆ ಅಷ್ಟು ಸಾಕಾಯಿತು. ಹೆಪ್ಪು ಉಳಿಸುವವಳಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ಪ್ರತಿ ಕೂಸಿನ ಎದೆಯಲ್ಲೂ ಒಂದಿಷ್ಟು ಹೆಪ್ಪು ಉಳಿಸಿ, ಗಟ್ಟಿಯಾದದ್ದನ್ನೇ ಆರಿಸಿ ಉಳಿಸಿ, ಓಣಿಯ ತುಂಬ ಹಂಚಿದ್ದಳು, ಹದಿನಾಲ್ಕು ವರ್ಷ. ಅದು ಸುತ್ತಿ ಬಂದು ತನ್ನ ಮೊಮ್ಮಗನ ಎದೆಗೇ ಸೇರಿತ್ತೋ ಏನೋ, ಯಾರು ಹೇಳಬಲ್ಲರು. ವಾರ್ಡಿಗೆ ಮರಳಿ ಮಗುವಿನ ಕಾಲ ಬಳಿ ಕೂತಳು. ಅಳು ಬರಲಿಲ್ಲ, ದಣಿವು ಬಂತು. ಆ ದಣಿವು ಆಮೇಲೆ ಹೋಗಲೇ ಇಲ್ಲ.

ಇಪ್ಪತ್ತೆರಡು ದಿನಕ್ಕೆ ಕರಿಬಸಪ್ಪ ಎದ್ದು ಕೂತ. ಮನೆಗೆ ಕಳಿಸುವಾಗ ಡಾಕ್ಟರಮ್ಮ ಹಳದಿ ಔಷಧದ ಬಾಟಲಿಗಳನ್ನು ಕೊಟ್ಟಳು. "ಇನ್ನೂ ಹದಿನಾಲ್ಕು ದಿನ, ದಿನಕ್ಕೆ ನಾಲ್ಕು ಸಲ. ನಡುವೆ ನಿಲ್ಲಿಸಿದರೆ ಕೀವು ಮತ್ತೆ ತುಂಬುತ್ತದೆ. ಆಗ ನನ್ನ ಕೈಯಲ್ಲಿ ಒಂದೇ ಒಂದು ಔಷಧ ಉಳಿಯುತ್ತದೆ ನೋಡಿ" ಎಂದಳು. ಆ ಹಳದಿ ಔಷಧ ಇರಕಲ್ಲಗಡದಲ್ಲಿ ಸಿಗುವಂಥದಲ್ಲ, ಕೊಪ್ಪಳದ ಅಂಗಡಿಯವರೂ ಹುಬ್ಬಳ್ಳಿಯಿಂದ ತರಿಸಿದರೆ ನಾಲ್ಕು ದಿನಕ್ಕೆ ಬಂದರೆ ಬಂತು.

ಊರಿಗೆ ಬಂದ ದಿನವೇ ಗಾಳೆಮ್ಮ ಮಾಡ ಖಾಲಿ ಮಾಡಿದಳು. ಬಾಟಲಿಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತೊಯ್ದು ತಿಪ್ಪೆಯಾಚೆ ಗುಂಡಿ ತೋಡಿ ಹೂತಳು. ನೋಡಿದವರು ಆಡಿಕೊಂಡರು. "ಗಾಳವ್ವಗ ಸೊಕ್ಕು ಬಂತ್ರಿ, ಹುಬ್ಬಳ್ಳಿ ನೋಡ್ಕೊಂಡು ಬಂದಾಳ" ಎಂದರು. ಮಾರೆವ್ವ ಖಾಲಿ ಮಾಡವನ್ನು ನೋಡುತ್ತ ನಿಂತಳು. ಸಣ್ಣವಳಿದ್ದಾಗಿನಿಂದ ಆ ಮಾಡ ನೋಡಿ ಬೆಳೆದವಳು ಅವಳು.

ಎಂಟನೇ ದಿನ ದವಾಖಾನೆಯಿಂದ ಬಂದ ಗಾಳೆಮ್ಮ ಸಂಜೆಯ ಔಷಧ ಕುಡಿಸಲು ಉಳಿದಿದ್ದ ಕೊನೆಯ ಬಾಟಲಿ ಎತ್ತಿದಳು. ಹಗುರಾಗಿತ್ತು. ಬೆಳಿಗ್ಗೆ ಕುತ್ತಿಗೆಯವರೆಗೆ ಇದ್ದದ್ದು ಈಗ ಅರ್ಧಕ್ಕಿಂತ ಕೆಳಗೆ. ಕರಿಬಸಪ್ಪ ಅಂಗಳದಲ್ಲಿ ಕೋಳಿಯ ಹಿಂದೆ ಓಡುತ್ತಿದ್ದ.

"ಉಳಿದಿದ್ದು ಎಲ್ಲೈತಿ?"

"ಕಾಸೀಮವ್ವಗ ಕೊಟ್ಟೆ" ಎಂದಳು ಮಾರೆವ್ವ, ರೊಟ್ಟಿ ಬಡಿಯುತ್ತಲೇ. "ಆಕಿ ಮೊಮ್ಮಗ ಎರಡ ದಿನದಿಂದ ಕೆಮ್ಮಾಕತ್ತಾನ. ಬಾಗಿಲಿಗೆ ಬಂದು ಕೇಳಿದ್ರ ಹೆಂಗ ಇಲ್ಲ ಅನ್ಲಿ? ನಮ್ಮವ ಆರಾಮ ಅದಾನಲ್ಲ, ನೋಡು ಹೆಂಗ ಓಡ್ಯಾಡ್ತಾನ."

ಗಾಳೆಮ್ಮನಿಗೆ ಮಗಳ ಕೆನ್ನೆಗೆ ಬಾರಿಸಬೇಕೆನಿಸಿತು. ಕೈ ಎತ್ತಲಿಲ್ಲ. ಆ ಮಾತು ಅಕ್ಷರ ಬಿಡದೆ ತನ್ನದೇ. ಕೊಟ್ಟದ್ದು ಹೋದರೆ ಹೊಸ ಬಾಟಲಿ ಬರುವಷ್ಟರಲ್ಲಿ ಮಗುವಿಗೆ ಎರಡೋ ಮೂರೋ ದಿನ ತಪ್ಪುತ್ತದೆ. ಗಾಜಿನ ತಟ್ಟೆಯ ಆ ಹಳದಿ ಪದರು ಕಣ್ಣಿಗೆ ಕಟ್ಟಿತು. ಸೆರಗು ಸಿಕ್ಕಿಸಿಕೊಂಡು ಪಕ್ಕದ ಮನೆಗೆ ನಡೆದಳು.

ಕಾಸೀಮಬೀ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಹಿತ್ತಾಳೆಯ ಗಿಂಡಿ, ಅದರಲ್ಲಿ ಹಳದಿ ಔಷಧ. ಮೂವತ್ತು ವರ್ಷದ ನೆರೆ. ಗಾಳೆಮ್ಮನ ಗಂಡುಮಗು ಹೋದಾಗ ಆಕೆಗೆ ಮೂರು ದಿನ ತುತ್ತು ಮಾಡಿ ಉಣಿಸಿದವಳು ಈ ಕಾಸೀಮಬೀ.

ಗಾಳೆಮ್ಮ ಮೊದಲು ಹುಡುಗನ ಅಂಗಿ ಎತ್ತಿದಳು. ಉಸಿರು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಎರಡು. ಪಕ್ಕೆ ಎಳೆಯುತ್ತಿರಲಿಲ್ಲ. ಮೂಗು ಸೋರುತ್ತಿತ್ತು, ಕಣ್ಣು ಚುರುಕಾಗಿದ್ದವು.

"ಇವಗ ನೆಗಡಿ. ಇದು ಬ್ಯಾಡ ಇವಗ. ಬೆಚ್ಚಗಿಟ್ಟು ಅರಿಷಿಣದ ಹಾಲು ಕೊಡು, ಹೋಗ್ತೈತಿ. ಔಷಧ ವಾಪಸ್ ಕೊಡು, ಕಾಸೀಮಾ."

ಕಾಸೀಮಬೀ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. "ಏನಂದಿ?"

"ನಮ್ಮ ಹುಡುಗಗ ಇನ್ನಾ ಆರ ದಿನ ಕುಡಸಬೇಕು. ಕಡಿಮಿ ಬಿದ್ರ ಸಾಯ್ತಾನ."

"ನಿಮ್ಮವ ಕೋಳಿ ಹಿಂದ ಓಡಾಕತ್ತಾನ. ನನ್ನವ ಕೆಮ್ಮಿ ಕೆಮ್ಮಿ ಮಲಗ್ಯಾನ. ಊರಿಗೆಲ್ಲ ಕೊಟ್ಟಾಕಿ ನೀನು, ನನ್ನ ಬಾಗಿಲಿಗೆ ಬಂದು ಕಸಗೊಂಡ ಹೋಗ್ತೀಯೇನು?"

ಹುಬ್ಬಳ್ಳಿ, ಗಾಜಿನ ತಟ್ಟೆ, ಬಿಲ್ಲೆ, ಬಯಲು, ಎಲ್ಲವನ್ನೂ ಗಾಳೆಮ್ಮ ಹೇಳಿದಳು. ತನ್ನ ಬಾಯಿಂದ ಬಂದ ಮಾತು ತನಗೇ ನೆಪದಂತೆ ಕೇಳಿಸಿತು. ಹದಿನಾಲ್ಕು ವರ್ಷ ಒಂದು ಹೇಳಿ, ಇವತ್ತು ತನ್ನ ಮೊಮ್ಮಗನ ಸರದಿ ಬಂದಾಗ ಇನ್ನೊಂದು ಹೇಳಿದರೆ ಯಾರು ನಂಬುತ್ತಾರೆ? ಕೊನೆಗೆ ಮಾತು ಬಿಟ್ಟು ಗಿಂಡಿಗೆ ಕೈ ಹಾಕಿದಳು. ಕಾಸೀಮಬೀ ತಡೆಯಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು.

"ನಾಳೆ ಉಸಿರು ಏರಿದ್ರ ಕರಿ. ಎತ್ತಿಕೊಂಡ ಓಡ್ತೀನಿ" ಎಂದಳು ಗಾಳೆಮ್ಮ ಹೊಸ್ತಿಲಲ್ಲಿ.

ಐದು ದಿನ ಆಕೆ ಬೆಳಿಗ್ಗೆ ಎದ್ದವಳೇ ಗೋಡೆಗೆ ಕಿವಿ ಹಚ್ಚುವಳು. ಆಚೆ ಕೆಮ್ಮು ಕೇಳಿಸಿದರೆ ಜೀವ ಹೋಗುವುದು, ಕೇಳಿಸದಿದ್ದರೆ ಇನ್ನೂ ಹೋಗುವುದು. ಲೆಕ್ಕ ತಪ್ಪಿದ್ದರೆ? ಆರನೇ ದಿನ ಆ ಹುಡುಗ ಓಣಿಯಲ್ಲಿ ಬೆಲ್ಲ ಚೀಪುತ್ತ ನಿಂತಿದ್ದ. ಔಷಧವಿಲ್ಲದೆ ಆರಾಮಾದ ಕೂಸಿಗಾಗಿ ಯಾರೂ ಯಾರಿಗೂ ಋಣಿಯಾಗುವುದಿಲ್ಲ. ಔಷಧ ಕಸಿದುಕೊಂಡವಳು ಎಂಬ ಮಾತು ಮಾತ್ರ ಬಾವಿಯ ಕಟ್ಟೆಯವರೆಗೂ ಹೋಯಿತು.

ಹದಿನಾಲ್ಕನೇ ದಿನ ಗಾಳೆಮ್ಮ ಕೊನೆಯ ಚಮಚ ಕುಡಿಸಿ, ಬಾಟಲಿಗೆ ಕಾಯಿಸಿ ಆರಿಸಿದ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಸಿದಳು. ಜೀವಮಾನದಲ್ಲಿ ಆಕೆ ಯಾವ ಪಾತ್ರೆಯನ್ನೂ ಹಾಗೆ ಬಳಿದಿರಲಿಲ್ಲ. "ಚೂರರ ಇಡಬೇಕಿತ್ತವ್ವ" ಎಂದಳು ಮಾರೆವ್ವ ಮೆಲ್ಲಗೆ. ಗಾಳೆಮ್ಮ ಬಾಟಲಿಯನ್ನು ಬೋರಲು ಹಾಕಿದಳು. ಕರಿಬಸಪ್ಪನಿಗೆ ಆ ರೋಗ ಮರಳಲಿಲ್ಲ.

ಕಾಸೀಮಬೀ ಆರು ತಿಂಗಳು ಮಾತಾಡಲಿಲ್ಲ. ಶ್ರಾವಣದ ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ ಮೊಮ್ಮಗನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದು ಹೊಸ್ತಿಲಲ್ಲಿ ನಿಂತಳು. ಹುಡುಗನ ಅಂಗಿ ಎತ್ತಿ ತೋರಿಸಿದಳು. ಗಾಳೆಮ್ಮ ಪೂರ್ತಿ ಎಣಿಸುವವರೆಗೂ ಕಾಯಲಿಲ್ಲ. ಹುಡುಗನನ್ನು ತನ್ನ ಕಂಕುಳಿಗೆ ತೆಗೆದುಕೊಂಡು ಹಳ್ಳ ದಾಟಿ ಮೂರು ಮೈಲಿ ನಡೆದಳು. ಕಾಸೀಮಬೀ ಹಿಂದೆ ಬಂದಳು. ಡಾಕ್ಟರರು ಅಂದು ಸೂಜಿ ಕೊಟ್ಟು, ಏಳು ದಿನಕ್ಕೆಂದು ಔಷಧ ಬರೆದುಕೊಟ್ಟರು.

ಮರಳುವ ದಾರಿಯಲ್ಲಿ ಕಾಸೀಮಬೀ ಬಾಟಲಿಯನ್ನು ಗಾಳೆಮ್ಮನ ಕೈಗಿಟ್ಟಳು. "ದಿನಾ ನೀನ ಬಂದು ಕುಡಸಿ ಹೋಗು. ನನ್ನ ಕೈ ಮ್ಯಾಲ ನನಗ ನಂಬಿಗಿಲ್ಲ. ಅದು ಉಳಸ್ತೈತಿ."

ಗಾಳೆಮ್ಮ ಏಳು ದಿನ ಹೋದಳು. ಹುಡುಗ ಮೂರನೇ ದಿನಕ್ಕೆ ಎದ್ದರೂ ಬಿಡದೆ ಕುಡಿಸಿದಳು. ಏಳನೇ ದಿನ ಬಾಟಲಿ ತೊಳೆದ ನೀರು ಕುಡಿಸಿ, ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದ ಒಂದು ಮಾತು ಕೇಳಿದಳು.

"ಕಾಸೀಮಾ, ಹಿಂದಕ ನಿಮ್ಮ ಮನಿ ಕೂಸುಗಳಿಗೆ ನಾ ಎಷ್ಟ ಸಲ ಕೊಟ್ಟಿದ್ದೆ? ನೆನಪೈತೇನು?"

ಕಾಸೀಮಬೀ ಆರು ತಿಂಗಳ ಸಿಟ್ಟನ್ನೆಲ್ಲ ಬಿಟ್ಟು, ಹಳೆಯ ಪ್ರೀತಿಯಿಂದ ಆಕೆಯ ಮೊಣಕಾಲು ಹಿಡಿದಳು.

"ಲೆಕ್ಕ ಇಟ್ಟವರ್ಯಾರವ್ವ? ಬಂದಾಗೆಲ್ಲ ಕೊಟ್ಟಿ. ಒಂದ ದಿನಾನೂ, ಒಂದ ಮನಿಗೂ, ನೀ ಇಲ್ಲ ಅಂದಾಕಿ ಅಲ್ಲ."

ಗಾಳೆಮ್ಮ ತಲೆಯಾಡಿಸಿದಳು. ಖಾಲಿ ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗೋಡೆಗೆ ಕೈ ಊರಿ ಎದ್ದು, ಮನೆಗೆ ನಡೆದಳು.